ಗೋಡೆಯ ಬೂಷ್ಟು, ಮಕ್ಕಳ ಕೆಮ್ಮು: ಪರೀಕ್ಷೆ ಮಾಡಿಸುವ ಮುನ್ನ

ಕಪಾಟಿನ ಹಿಂದೆ ಗೋಡೆಯಲ್ಲಿ ಕಪ್ಪು ಕಲೆ ಕಂಡಿದೆ, ಮಕ್ಕಳು ರಾತ್ರಿ ಕೆಮ್ಮುತ್ತಾರೆ, ಬೂಷ್ಟಿನ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ಗೋಡೆಯೊಳಗೆ ಎಲ್ಲೋ ನೀರು ಜಿನುಗುತ್ತಿರಬೇಕು. ಆ ಕಲೆ ಬಹುಶಃ ಅದರಿಂದ ಬಂದ ಬೂಷ್ಟು. ಮಕ್ಕಳ ರಾತ್ರಿ ಕೆಮ್ಮಿಗೂ ಅದೇ ಕಾರಣವೇ ಎಂಬುದನ್ನು ಗೋಡೆಯ ಪರೀಕ್ಷೆ ಹೇಳಲಾರದು, ವೈದ್ಯರೇ ನೋಡಬೇಕು. ಉಬ್ಬಸವಿದ್ದರೆ ವರದಿಗೆ ಕಾಯದೆ ಇಂದೇ ತೋರಿಸಿ, ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

ಪರೀಕ್ಷಕರು ಬರುವ ತನಕ ಕಲೆಯನ್ನು ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಬಂದವರು ಮೊದಲು ತೇವಮಾಪಕದಿಂದ ಗೋಡೆ ನೋಡಲಿ. ಗಾಳಿಯ ಮಾದರಿ ತೆಗೆಯುವುದಾದರೆ ಹೊರಗಿನ ಗಾಳಿಯದನ್ನೂ ಅದೇ ದಿನ ತೆಗೆಯಲಿ. ಹೋಲಿಸಲು ಅದಿಲ್ಲದಿದ್ದರೆ ಒಳಗಿನ ಗಾಳಿಯಲ್ಲಿ ಸಿಕ್ಕ ಬೂಷ್ಟಿನ ಕಣಗಳ ಸಂಖ್ಯೆಗೆ ಹೆಚ್ಚು ಅರ್ಥವಿಲ್ಲ. ಬೂಷ್ಟು ತೆಗೆಯುವ ಗುತ್ತಿಗೆಯೂ ತಮಗೇ ಬೇಕೆನ್ನುವವರಿಗೆ ಪರೀಕ್ಷೆ ಒಪ್ಪಿಸಬೇಡಿ (ಲಾಭವಿದ್ದ ಕಡೆಗೇ ವರದಿಯೂ ವಾಲೀತು). ಹಣ ಒಂದಕ್ಕೇ ಸಾಲುವುದಾದರೆ ಪರೀಕ್ಷೆ ಬಿಡಿ, ಸೋರಿಕೆ ನಿಲ್ಲಿಸಿ.