ಕ್ರೂಸ್ ಹಡಗಿನಲ್ಲಿ ನಾವೇ ಬಟ್ಟೆ ಒಗೆದುಕೊಳ್ಳೋಕೆ ಮೆಷಿನ್ ಇರುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಜೂನ್‌ನಲ್ಲಿ ಸಿಯಾಟಲ್‌ನಿಂದ 7 ರಾತ್ರಿಯ ಅಲಾಸ್ಕಾ ಕ್ರೂಸ್. ಜೊತೆಗೆ ಊರಿಂದ ಬರುವ ಅಪ್ಪ ಅಮ್ಮ, ಮೂರು ವರ್ಷದ ಮಗು. ಹಡಗಿನಲ್ಲಿ ನಾವೇ ಬಳಸುವ ವಾಷಿಂಗ್ ಮೆಷಿನ್ ಇರುತ್ತಾ, ಇಲ್ಲ ಏಳು ದಿನಕ್ಕಾಗುವಷ್ಟು ಬಟ್ಟೆಯನ್ನೂ ಹೊತ್ತುಕೊಂಡು ಹೋಗಬೇಕಾ? ಇನ್ನೂ ಬುಕ್ ಮಾಡಿಲ್ಲ ಅಂತಲೂ ಬರೆದಿದ್ದೀರಿ. ಮಾಡದೇ ಇದ್ದದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಇದಕ್ಕೆ ಉತ್ತರ ನೀವು ಯಾವ ಕಂಪನಿಯ ಹಡಗು ಹತ್ತುತ್ತೀರಿ ಅನ್ನುವುದರ ಮೇಲಿದೆ.

ನಾನು ಸಿಯಾಟಲ್ ಹತ್ತಿರ ಇರುವವಳು. ಎರಡು ಸಲ ಅಲಾಸ್ಕಾಗೆ ಹೋಗಿ ಬಂದಿದ್ದೇವೆ. ಎರಡು ಸಲವೂ ಶಿವಮೊಗ್ಗ ಕಡೆಯ ಸಾಗರದಿಂದ ಬಂದಿದ್ದ ಅಮ್ಮ ಜೊತೆಗಿದ್ದರು, ಮಗನೂ ಇದ್ದ. ಮೊದಲನೇ ಹಡಗಿನಲ್ಲಿ ಮೆಷಿನ್ ಇರಲಿಲ್ಲ, ಎರಡನೆಯದರಲ್ಲಿ ಇತ್ತು. ಹಾಗಾಗಿ ಎರಡರ ಅನುಭವವನ್ನೂ ಹೇಳಬಲ್ಲೆ.

ಮೊದಲು ಕಂಪನಿಗಳ ವಿಷಯ. ರಾಯಲ್ ಕೆರಿಬಿಯನ್‌ನ ಯಾವ ಹಡಗಿನಲ್ಲೂ ಪ್ರಯಾಣಿಕರು ಬಳಸುವ ವಾಷಿಂಗ್ ಮೆಷಿನ್ ಇಲ್ಲ. 2024ರಲ್ಲಿ ಬಂದ ಅವರ ‘ಐಕಾನ್ ಆಫ್ ದ ಸೀಸ್’ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. ಅಷ್ಟು ದೊಡ್ಡ ಹಡಗಿನಲ್ಲೂ ಇಲ್ಲ. ದೊಡ್ಡ ಹಡಗು ಅಂದರೆ ಎಲ್ಲ ಸೌಕರ್ಯವೂ ಇರುತ್ತದೆ ಅಂತ ನಾನೂ ಅಂದುಕೊಂಡಿದ್ದೆ, ಆದರೆ ಈ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೆಲೆಬ್ರಿಟಿ ಮತ್ತು ಎಂಎಸ್‌ಸಿ ಹಡಗುಗಳಲ್ಲೂ ಇಲ್ಲ. ಅಲಾಸ್ಕಾ ಕಡೆ ಬರುವ ನಾರ್ವೀಜಿಯನ್‌ನ ದೊಡ್ಡ ಹಡಗುಗಳಲ್ಲೂ ಇಲ್ಲ. ಹಾಲೆಂಡ್ ಅಮೆರಿಕ ಹಡಗುಗಳಲ್ಲಿ ಹಿಂದೆ ಇತ್ತು, ಈಗ ಹೆಚ್ಚಿನವುಗಳಿಂದ ತೆಗೆದುಹಾಕಿದ್ದಾರೆ.

ಇರುವುದು ಎಲ್ಲಿ ಅಂದರೆ, ಪ್ರಿನ್ಸೆಸ್, ಡಿಸ್ನಿ, ಕಾರ್ನಿವಲ್. ಈ ಮೂರೂ ಅಲಾಸ್ಕಾಗೆ ಹೋಗುತ್ತವೆ. ಪ್ರಿನ್ಸೆಸ್ ಮತ್ತು ಡಿಸ್ನಿಯಲ್ಲಿ ಇದ್ದೇ ಇರುತ್ತದೆ. ಕಾರ್ನಿವಲ್‌ನಲ್ಲಿ ಹೆಚ್ಚಿನ ಹಡಗುಗಳಲ್ಲಿ ಇದೆ, ಆದರೂ ಬುಕ್ ಮಾಡುವ ಮುಂಚೆ ಆ ಹಡಗಿನ ಡೆಕ್ ನಕ್ಷೆ (ಡೆಕ್ ಅಂದರೆ ಹಡಗಿನ ಮಹಡಿ) ತೆಗೆದು ನೋಡಿಕೊಳ್ಳಿ. ಮೂರರಲ್ಲೂ ದುಡ್ಡು ಕೊಡಬೇಕು. ಒಗೆಯಲು ಒಂದು ಸಲ, ಒಣಗಿಸಲು ಇನ್ನೊಂದು ಸಲ, ಸಲಕ್ಕೆ ಮೂರು ನಾಲ್ಕು ಡಾಲರ್ ಆಸುಪಾಸು. ಚಿಲ್ಲರೆ ಕಾಸು ಬೇಕಾಗಿಲ್ಲ, ಹಡಗಿನ ಖಾತೆಗೇ ಸೇರುತ್ತದೆ. ಬ್ರಿಟನ್ನಿನ ಕುನಾರ್ಡ್ ಮತ್ತು ಪಿ ಅಂಡ್ ಓ ಹಡಗುಗಳಲ್ಲಿ, ವೈಕಿಂಗ್‌ನ ಸಮುದ್ರದ ಹಡಗುಗಳಲ್ಲಿ ಇದು ಪೂರ್ತಿ ಉಚಿತ.

ನಮ್ಮೂರ ಕಡೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮುಂಬೈನಿಂದ ಹೊರಡುವ ಕಾರ್ಡೇಲಿಯಾದ ‘ಎಂಪ್ರೆಸ್’ ಹಡಗು ಮೊದಲು ರಾಯಲ್ ಕೆರಿಬಿಯನ್‌ನವರದ್ದೇ ಆಗಿತ್ತು. ಗೋವಾ, ಲಕ್ಷದ್ವೀಪ, ಕೊಚ್ಚಿ ಅಂತ ಹೋಗುವುದು ಕೆಲವೇ ರಾತ್ರಿ. ಅಷ್ಟಕ್ಕೆ ಒಗೆಯುವ ಪ್ರಮೇಯವೇ ಬರುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟು ಸಾಮಾನ್ಯವಾದ ಒಂದು ಸೌಕರ್ಯ ಯಾಕೆ ಎಲ್ಲ ಕಡೆ ಇಲ್ಲ ಅಂತ ನಿಮಗೆ ಅನಿಸಬಹುದು. ಜಾಗ ಒಂದು ಕಾರಣ. ಆ ಕೋಣೆಯ ಜಾಗದಲ್ಲಿ ಇನ್ನೊಂದು ಕ್ಯಾಬಿನ್ ಮಾಡಿದರೆ ವಾರವಾರವೂ ದುಡ್ಡು ಬರುತ್ತದೆ, ಅಲ್ವಾ? ಇನ್ನೊಂದು ಬೆಂಕಿಯ ಭಯ. ಡ್ರೈಯರ್‌ನಲ್ಲಿ ಬಟ್ಟೆಯಿಂದ ಉದುರುವ ಹತ್ತಿಯಂಥ ನಯವಾದ ಎಳೆಗಳು ತುಂಬಿಕೊಳ್ಳುತ್ತವೆ. ಅದು ಬಹಳ ಬೇಗ ಹೊತ್ತಿಕೊಳ್ಳುತ್ತದೆ. 1998ರ ಜುಲೈ 20ರಂದು ಮಯಾಮಿಯಿಂದ ಆಗಷ್ಟೇ ಹೊರಟಿದ್ದ ಕಾರ್ನಿವಲ್‌ನ ‘ಎಕ್ಸ್‌ಟಸಿ’ ಹಡಗಿಗೆ ಬೆಂಕಿ ಬಿದ್ದದ್ದು ಹೀಗೇ. ಸಿಬ್ಬಂದಿಯ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ರಿಪೇರಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಕಿಡಿ ಈ ಎಳೆಗಳಿಗೆ ತಗುಲಿತು. ಗಾಳಿ ಹೋಗುವ ಕೊಳವೆಯೊಳಗೆ ಅದೇ ಎಳೆ ಗಟ್ಟಿಯಾಗಿ ಕೂತಿತ್ತು. ಅಲ್ಲಿಂದ ಬೆಂಕಿ ಹಿಂಭಾಗದ ಹಗ್ಗಗಳ ಡೆಕ್‌ವರೆಗೂ ಹೋಯಿತು. ಪ್ರಯಾಣಿಕರ ಲಾಂಡ್ರಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಹಡಗಿನವರು ಈ ವಿಷಯದಲ್ಲಿ ಯಾಕೆ ಅಷ್ಟು ಹೆದರುತ್ತಾರೆ ಅನ್ನುವುದು ನನಗೆ ಇದನ್ನು ಓದಿದ ಮೇಲೆ ಅರ್ಥವಾಯಿತು. ಒಂದು ವೇಳೆ ನೀವು ಡ್ರೈಯರ್ ಬಳಸಿದರೆ, ಬಾಗಿಲ ಹತ್ತಿರದ ಜಾಲರಿ ಹೊರಗೆ ಎಳೆದು ಅದರ ಮೇಲಿನ ಪದರವನ್ನು ಬೆರಳಲ್ಲಿ ಬಿಡಿಸಿ ತೆಗೆದು ಆಮೇಲೆ ಶುರುಮಾಡಿ. ನಿಮ್ಮ ಮುಂಚಿನವರು ತೆಗೆದಿರುತ್ತಾರೆ ಅಂತ ಬಿಡಬೇಡಿ.

ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ತೆಗೆದುಕೊಂಡು ಹೋಗಬೇಡಿ. ಹತ್ತುವಾಗಲೇ ಸ್ಕ್ಯಾನ್‌ನಲ್ಲಿ ಹಿಡಿದು ಎತ್ತಿಟ್ಟುಕೊಳ್ಳುತ್ತಾರೆ, ಇಳಿಯುವ ದಿನ ವಾಪಸ್ ಕೊಡುತ್ತಾರೆ. ರೈಸ್ ಕುಕ್ಕರ್, ಬಿಸಿನೀರಿನ ಕೆಟಲ್‌ಗೂ ಇದೇ ಗತಿ. ಅಪ್ಪ ಅಮ್ಮನಿಗೆ ಇದನ್ನು ಮುಂಚೆಯೇ ಹೇಳಿಬಿಡಿ.

ಈಗ ನಮ್ಮ ಮೊದಲನೇ ಪ್ರಯಾಣ. ಮೆಷಿನ್ ಇಲ್ಲದ ಹಡಗು. ಹೊರಟ ಮಾರನೇ ದಿನ ವ್ಯಾಂಕೂವರ್ ದ್ವೀಪ ದಾಟಿ ತೆರೆದ ಸಮುದ್ರಕ್ಕೆ ಬಂದಾಗ ಹಡಗು ಸ್ವಲ್ಪ ಜಾಸ್ತಿಯೇ ಓಲಾಡಿತು. ಮಗ ಅಮ್ಮನ ತೊಡೆಯ ಮೇಲೆ ಕೂತಿದ್ದ. ತಿಂದದ್ದೆಲ್ಲ ವಾಂತಿ ಮಾಡಿಕೊಂಡ. ಅವನ ಬಟ್ಟೆ, ಅಮ್ಮನ ಸೀರೆ, ನನ್ನ ಜಾಕೆಟ್ ಎಲ್ಲ ಹಾಳಾಯಿತು. ಸಂಜೆಯೊಳಗೆ ಇನ್ನೆರಡು ಸಲ ಹೀಗೇ ಆಗಿ, ಮೂರು ದಿನಕ್ಕೆ ಅಂತ ಇಟ್ಟುಕೊಂಡಿದ್ದ ಪ್ಯಾಂಟುಗಳು ಒಂದೇ ದಿನಕ್ಕೆ ಮುಗಿದವು. ಪುಟ್ಟ ಮಗು ಇರುವವರು ಲೆಕ್ಕ ಹಾಕುವಾಗ ಇಂಥ ಒಂದು ದಿನವನ್ನು ಸೇರಿಸಿಯೇ ಹಾಕಬೇಕು.

ಇಂಥ ಹಡಗುಗಳಲ್ಲಿ ಬಟ್ಟೆ ಒಗೆಯಲು ಕೊಡುವ ವ್ಯವಸ್ಥೆ ಇರುತ್ತದೆ. ಕ್ಯಾಬಿನ್‌ನ ಕಪಾಟಿನಲ್ಲಿ ಒಂದು ಚೀಲ, ಒಂದು ಚೀಟಿ ಇರುತ್ತವೆ. ಎಷ್ಟು ಶರ್ಟು, ಎಷ್ಟು ಪ್ಯಾಂಟು ಅಂತ ಬರೆದು ಕ್ಯಾಬಿನ್ ನೋಡಿಕೊಳ್ಳುವ ಸ್ಟುವರ್ಡ್ ಕೈಗೆ ಕೊಟ್ಟರೆ ಒಂದೆರಡು ದಿನದಲ್ಲಿ ಬರುತ್ತದೆ. ಬೇಗ ಬೇಕೆಂದರೆ ಜಾಸ್ತಿ ದುಡ್ಡು. ಒಂದೊಂದು ಬಟ್ಟೆಗೂ ಬೇರೆ ಬೇರೆ ದರ ಇರುವುದರಿಂದ ಮಗುವಿನ ಚಿಕ್ಕ ಚಿಕ್ಕ ಬಟ್ಟೆಗಳನ್ನು ಹೀಗೆ ಕೊಟ್ಟರೆ ದುಬಾರಿಯಾಗುತ್ತದೆ. ಆದರೆ ಪ್ರಯಾಣದ ನಡುವೆ ಒಂದು ದಿನ, ಚೀಲ ತುಂಬಿ ಕೊಡಿ, ಒಟ್ಟಿಗೆ ಇಷ್ಟು ಅಂತ ಒಂದು ಆಫರ್ ಚೀಟಿ ಕ್ಯಾಬಿನ್‌ಗೆ ಬರುವುದುಂಟು. ಸುಮಾರು ಮೂವತ್ತು ನಲವತ್ತು ಡಾಲರ್. ಮಕ್ಕಳಿದ್ದವರು ಅದಕ್ಕೆ ಕಾಯಬೇಕು. ಸಣ್ಣ ಬಟ್ಟೆ ಎಷ್ಟು ಬೇಕಾದರೂ ಹಿಡಿಯುತ್ತವೆ.

ನಮಗೆ ಕಾಯುವಷ್ಟು ಬಟ್ಟೆ ಉಳಿದಿರಲಿಲ್ಲ. ಎಲ್ಲ ತುಂಬಿಸಿ ಕೊಟ್ಟೆ. ನಮ್ಮ ಸ್ಟುವರ್ಡ್ ಮಂಗಳೂರು ಕಡೆಯ ಹುಡುಗ. ಅಮ್ಮ ಕನ್ನಡದಲ್ಲಿ ಮಾತಾಡಿದ್ದೇ ತಡ, ಅವನ ಮುಖ ಅರಳಿತು. ಚೀಲ ಕೈಗೆ ತೆಗೆದುಕೊಂಡವನು ಮೇಲಿದ್ದ ಸೀರೆಯನ್ನು ನೋಡಿ, “ಅಮ್ಮ, ಇದನ್ನ ಕೆಳಗೆ ಕೊಡ್ಬೇಡಿ. ಅಲ್ಲಿ ಬಿಸಿ ಜಾಸ್ತಿ, ದೊಡ್ಡ ಮೆಷಿನ್ನು. ಇಲ್ಲೇ ಬಾತ್‌ರೂಮಲ್ಲಿ ಜಾಲಿಸಿ ಹಾಕಿ” ಅಂದ. ಸೀರೆ ಉಳಿಯಿತು. ಆದರೆ ಅದೇ ಚೀಲದ ತಳದಲ್ಲಿ, ಅಮ್ಮ ಮಗನಿಗೆಂದು ಊರಲ್ಲಿ ಕೂತು ಹೆಣೆದಿದ್ದ ಉಣ್ಣೆಯ ಸ್ವೆಟರ್ ಇತ್ತು. ನನಗೆ ಅದು ನೆನಪಿಗೆ ಬರಲೇ ಇಲ್ಲ. ಮಾರನೇ ಸಂಜೆ ಎಲ್ಲ ನೀಟಾಗಿ ಮಡಿಸಿ ಬಂತು. ಸ್ವೆಟರ್ ಮಾತ್ರ ರಟ್ಟಿನಂತೆ ಗಟ್ಟಿಯಾಗಿ, ತೋಳು ಮೊಣಕೈವರೆಗೆ ಬಂದು ನಿಂತಿತ್ತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆದು ನೋಡಿದರು. ಹೆಣಿಗೆಯ ಕಣ್ಣುಗಳು ಬಿಡಲೇ ಇಲ್ಲ. ನನಗೆ ಆ ದಿನ ಬಹಳ ಬೇಜಾರಾಯಿತು. ಉಣ್ಣೆ, ರೇಷ್ಮೆ, ಕೈಮಗ್ಗದ ಬಟ್ಟೆ, ಬಣ್ಣ ಬಿಡುವ ಹೊಸ ಕಾಟನ್ ಯಾವುದನ್ನೂ ಕೆಳಗೆ ಕಳಿಸಬೇಡಿ. ಚೀಲಕ್ಕೆ ಹಾಕುವ ಮುಂಚೆ ಒಂದೊಂದಾಗಿ ಮಂಚದ ಮೇಲೆ ಹರಡಿ ನೋಡಿ.

ಆಮೇಲೆ ಉಳಿದ ದಿನ ಅಮ್ಮನ ಪದ್ಧತಿಯಲ್ಲೇ ಕಳೆದೆವು. ಒಳಬಟ್ಟೆ, ರವಿಕೆ ಯಾರಿಗೋ ಕೊಟ್ಟು ಒಗೆಸುವುದು ಅವರಿಗೆ ಮೊದಲಿಂದಲೂ ಇಷ್ಟವಿಲ್ಲ. ರಾತ್ರಿ ಊಟ ಮುಗಿಸಿ ಬಂದವರು ಸಿಂಕಿನ ತೂತು ಮುಚ್ಚಿ ನೀರು ನಿಲ್ಲಿಸಿ, ಚೂರು ಸೋಪು ಉಜ್ಜಿ, ಎರಡು ಸಲ ಜಾಲಿಸುತ್ತಿದ್ದರು. ಹಿಂಡಿದ ಬಟ್ಟೆಯನ್ನು ಹಡಗಿನ ದಪ್ಪ ಟವೆಲ್ ಮೇಲೆ ಹರವಿ, ಚಾಪೆ ಸುತ್ತುವ ಹಾಗೆ ಸುತ್ತಿ, ಮೇಲೆ ಮೊಣಕಾಲಿಟ್ಟು ಒತ್ತುತ್ತಿದ್ದರು. ನೀರೆಲ್ಲ ಟವೆಲ್‌ಗೆ ಹೋಗುತ್ತಿತ್ತು. ಇದೊಂದು ಮಾಡಿದರೆ ತೆಳು ಬಟ್ಟೆ ಬೆಳಗಾಗುವುದರಲ್ಲಿ ಒಣಗುತ್ತದೆ, ಮಾಡದಿದ್ದರೆ ಎರಡು ದಿನವಾದರೂ ತಣ್ಣಗೇ ಇರುತ್ತದೆ. ಬಹಳ ಕ್ಯಾಬಿನ್‌ಗಳಲ್ಲಿ ಶವರ್ ಗೋಡೆಗೆ ಒಂದು ಪುಟ್ಟ ಉಕ್ಕಿನ ಗುಂಡಿ ಇರುತ್ತದೆ. ಅದನ್ನು ಎಳೆದರೆ ದಾರ ಬರುತ್ತದೆ, ಎದುರು ಗೋಡೆಗೆ ಸಿಕ್ಕಿಸಬಹುದು. ಇನ್ನೊಂದು ಸಂಗತಿ, ಕ್ಯಾಬಿನ್ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ನಾಲ್ಕೈದು ಮ್ಯಾಗ್ನೆಟ್ ಹುಕ್ ತೆಗೆದುಕೊಂಡು ಹೋದರೆ ಎಸಿ ಗಾಳಿ ಬರುವ ಕಡೆ ಹ್ಯಾಂಗರ್ ನೇತುಹಾಕಬಹುದು. ಬಾಲ್ಕನಿಯಲ್ಲಿ ಮಾತ್ರ ಹಾಕಬೇಡಿ. ಬಿಡುವುದಿಲ್ಲ, ಗಾಳಿಗೆ ಹಾರಿದರೆ ಸಮುದ್ರದ ಪಾಲು.

ಎರಡನೇ ಸಲ ಬುಕ್ ಮಾಡುವಾಗ ನಾನು ಮೊದಲು ನೋಡಿದ್ದೇ ಲಾಂಡ್ರಿ ಕೋಣೆ ಇದೆಯಾ ಅಂತ. ಪ್ರಿನ್ಸೆಸ್ ಹಡಗು. ನಮ್ಮ ಕ್ಯಾಬಿನ್ ಇದ್ದ ಡೆಕ್‌ನಲ್ಲೇ, ಕಾರಿಡಾರ್ ನಡುವೆ ಒಂದು ಸಣ್ಣ ಕೋಣೆ. ಗೋಡೆಗೆ ಒತ್ತಿಕೊಂಡು ಕೆಲವು ವಾಷರ್, ಅಷ್ಟೇ ಡ್ರೈಯರ್, ಇಸ್ತ್ರಿ ಮಾಡಲು ಬೋರ್ಡ್. ಬಾಗಿಲು ತೆಗೆದ ಕೂಡಲೇ ಬಿಸಿ ಬಿಸಿ ಸೋಪಿನ ವಾಸನೆ. ಅಲ್ಲಿಗೆ ಯಾವಾಗ ಹೋಗಬೇಕು ಅನ್ನುವುದೇ ಮುಖ್ಯ. ದಡಕ್ಕೆ ತಾಗದೆ ಇಡೀ ದಿನ ಸಮುದ್ರದಲ್ಲೇ ಇರುವ ದಿನ ಮಧ್ಯಾಹ್ನ ಹೋದರೆ ಜಾಗ ಸಿಗುವುದಿಲ್ಲ. ಎಲ್ಲರೂ ಫಾರ್ಮಲ್ ಬಟ್ಟೆ ಹಾಕಿ ಊಟಕ್ಕೆ ಹೋಗುವ ಸಂಜೆ ಇಸ್ತ್ರಿಗೆ ಸಾಲು ನಿಂತಿರುತ್ತದೆ. ಹಡಗು ಯಾವುದಾದರೂ ಊರಿಗೆ ಬಂದು ನಿಂತ ದಿನ ಬೆಳಿಗ್ಗೆ, ಜನ ಎಲ್ಲ ಇಳಿದು ಹೋದ ಮೇಲೆ ಖಾಲಿ. ನಾನು ಅಲಾಸ್ಕಾದ ಕೆಚಿಕನ್‌ನಲ್ಲಿ ಹಾಗೆ ಮಾಡಿದೆ. ಆ ಊರಿಗೆ ವರ್ಷಕ್ಕೆ ಮೂರೂವರೆ ಮೀಟರಿಗೂ ಮೀರಿ ಮಳೆ. ನಮ್ಮ ಮಲೆನಾಡಿನದೇ ಮಳೆ ಅನ್ನಿ. ಹಿಂದಿನ ಸಂಜೆ ಜೂನೋದಲ್ಲಿ ನೆನೆದ ಸಾಕ್ಸು, ಮಗನ ಕೆಸರಿನ ಪ್ಯಾಂಟು ಎಲ್ಲ ಒಂದೇ ಲೋಡ್‌ಗೆ ಹಾಕಿ, ಅದು ತಿರುಗುವಷ್ಟರಲ್ಲಿ ಅಮ್ಮನೂ ನಾನೂ ತಿಂಡಿ ತಿಂದು ಬಂದೆವು. ಒಣಗಿದ ಬಟ್ಟೆ ಇನ್ನೂ ಬೆಚ್ಚಗಿದ್ದಾಗಲೇ ಮಗನಿಗೆ ಹಾಕಿದೆ. ಆಮೇಲೆ ನಿಧಾನವಾಗಿ ಊರು ನೋಡಲು ಇಳಿದೆವು.

ಮೆಷಿನ್ ನಿಂತ ಕೂಡಲೇ ಹೋಗಿ ತೆಗೆಯಿರಿ. ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ನಿಮ್ಮ ಬಟ್ಟೆ ಬೇರೆಯವರು ತೆಗೆದು ಮೇಲೆ ಇಡುವುದು ನಿಮಗೂ ಹಿಡಿಸುವುದಿಲ್ಲ, ಅವರಿಗೂ ಮುಜುಗರ. ಸೋಪಿನ ಪುಡಿ ಅಲ್ಲೇ ಮಾರುತ್ತಾರೆ. ಆದರೆ ಮಗುವಿನ ಚರ್ಮಕ್ಕೆ ಒಗ್ಗುವುದು ಯಾವುದೋ ಅದನ್ನೇ ಮನೆಯಿಂದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುವುದು ಒಳ್ಳೆಯದು. ದಡದಲ್ಲಿ ಲಾಂಡ್ರಿ ಹುಡುಕಿಕೊಂಡು ಹೋಗುವ ಯೋಚನೆ ಮಾತ್ರ ಬೇಡ. ಒಂದೊಂದು ಊರಲ್ಲಿ ಸಿಗುವುದೇ ಕೆಲವು ಗಂಟೆ. ಹಿಮನದಿ ನೋಡಬೇಕಾದ ಹೊತ್ತಿನಲ್ಲಿ ಅಪ್ಪ ಅಮ್ಮನನ್ನು ಡ್ರೈಯರ್ ಮುಂದೆ ಕೂರಿಸುವುದು ಯಾವ ನ್ಯಾಯ?

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಮನೆಯವರ ಜೊತೆಗೆ ಮೆಷಿನ್ ಇರುವ ಹಡಗನ್ನೇ ಆರಿಸಿ. ಬೆಲೆ ಸ್ವಲ್ಪ ಹೆಚ್ಚಿದ್ದರೂ ಪರವಾಗಿಲ್ಲ. ವಯಸ್ಸಾದವರಿಗೆ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಲು ದಾರಿ ಇದೆ ಅನ್ನುವುದೇ ದೊಡ್ಡ ಸಮಾಧಾನ. ಹಾಗಿದ್ದರೆ ದೊಡ್ಡವರಿಗೆ ನಾಲ್ಕು ದಿನದ ಬಟ್ಟೆ, ಮಗುವಿಗೆ ಆರು ದಿನದ್ದು ಸಾಕು. ಇಲ್ಲದ ಹಡಗಾದರೆ ದೊಡ್ಡವರಿಗೆ ಏಳು, ಮಗುವಿಗೆ ಹತ್ತು ಜೊತೆ ಇಟ್ಟುಕೊಳ್ಳಿ. ಮಳೆಗೆ ನೆನೆಯದ ಒಂದು ಹೊರ ಜಾಕೆಟ್ ಎಲ್ಲರಿಗೂ ಬೇಕೇ ಬೇಕು. ಅದಿದ್ದರೆ ಒಳಗಿನ ಬಟ್ಟೆ ಅರ್ಧಕ್ಕರ್ಧ ಉಳಿಯುತ್ತದೆ.

ಒಂದು ವಿಷಯ ಮರೆಯಬೇಡಿ. ಮಗುವಿಗೆ ವಾಂತಿ ಜೊತೆ ಭೇದಿಯೂ ಶುರುವಾದರೆ ಬಟ್ಟೆ ಚಿಂತೆ ಬಿಟ್ಟು ಮೊದಲು ಹಡಗಿನ ಡಾಕ್ಟರಿಗೆ ತಿಳಿಸಿ. ಆ ಬಟ್ಟೆ, ಹಾಸಿಗೆಯನ್ನು ಏನು ಮಾಡಬೇಕು ಅಂತ ಅವರೇ ಹೇಳುತ್ತಾರೆ. ನೀವಾಗಿಯೇ ಎಲ್ಲರೂ ಬಳಸುವ ಮೆಷಿನ್‌ಗೆ ಹಾಕಬೇಡಿ.

ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗೆ ಇಡಬೇಕಾಗುತ್ತದೆ. ಹಾಗಾಗಿ ಕೊನೆಯ ಲೋಡ್ ಅದರ ಹಿಂದಿನ ದಿನವೇ ಮುಗಿಸಿ, ಮಾರನೇ ಬೆಳಿಗ್ಗೆಗೆ ಎಲ್ಲರದ್ದೂ ಒಂದೊಂದು ಜೊತೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಯಾವ ಹಡಗು ಅಂತ ಗೊತ್ತಾದ ಮೇಲೆ ಇಲ್ಲೇ ಹೆಸರು ಬರೆಯಿರಿ. ಅದರ ನಕ್ಷೆ ನೋಡಿ, ಲಾಂಡ್ರಿ ಯಾವ ಡೆಕ್‌ನಲ್ಲಿದೆ, ಅಪ್ಪ ಅಮ್ಮನಿಗೆ ಯಾವ ಕಡೆಯ ಕ್ಯಾಬಿನ್ ಹತ್ತಿರ ಆಗುತ್ತದೆ ಅಂತ ಹೇಳುತ್ತೇನೆ.