2032ರ ಬುಧ ಸಂಕ್ರಮಣ ನೋಡಲು ಗ್ರಹಣದ ಕನ್ನಡಕ ಸಾಕೇ?

ಪ್ರಶ್ನೆ: 2012ರಲ್ಲಿ ಗ್ರಹಣದ ಕನ್ನಡಕ ಹಾಕಿಕೊಂಡು ಶುಕ್ರ ಸಂಕ್ರಮಣ ನೋಡಿದ್ದೆ. 2032ರ ನವೆಂಬರ್‌ನಲ್ಲಿ ಬುಧ ಸಂಕ್ರಮಣ ಇದೆಯಂತೆ. ಅದೇ ಕನ್ನಡಕ ಸಾಕೇ? 70 ಮಿ.ಮೀ. ಮಸೂರ, 900 ಮಿ.ಮೀ. ಸಂಗಮದೂರದ ಒಂದು ಚಿಕ್ಕ ದೂರದರ್ಶಕವೂ ಇದೆ. ಮಕ್ಕಳನ್ನೆಲ್ಲ ಸೇರಿಸಿ ಹಬ್ಬದಂತೆ ಮಾಡೋಣ ಅಂತಿದ್ದೇನೆ. ಏನೇನು ಸಿದ್ಧತೆ ಬೇಕು?

ಉತ್ತರ:

ಕನ್ನಡಕ ಸಾಲದು. ದೂರದರ್ಶಕ ಧಾರಾಳವಾಗಿ ಸಾಕು.

ಕಾರಣ ಗಾತ್ರ. ಸಂಕ್ರಮಣದ ದಿನ, ಅಂದರೆ ಗ್ರಹ ಸೂರ್ಯನ ಮುಂದೆ ಹಾಯುವ ದಿನ, ಶುಕ್ರ ನಮಗೆ ಸುಮಾರು 58 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) ಅಗಲ ಕಾಣುತ್ತದೆ, ಅಂದರೆ ಸೂರ್ಯಬಿಂಬದ ಮೂವತ್ತಮೂರನೇ ಒಂದು ಪಾಲು. ಬರಿಗಣ್ಣು ಗುರುತಿಸಬಲ್ಲ ಮಿತಿ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 2012ರಲ್ಲಿ ಕನ್ನಡಕದಲ್ಲೇ ಕಂಡಿತು. ನವೆಂಬರ್ ಸಂಕ್ರಮಣದಲ್ಲಿ ಬುಧ ಬರೀ 10 ಆರ್ಕ್ ಸೆಕೆಂಡ್. ಸೂರ್ಯನ ಅಡ್ಡಳತೆಯ 194ನೇ ಒಂದು ಪಾಲು. ಹಳದಿ ಕಾಗದದಲ್ಲಿ 30 ಸೆಂ.ಮೀ. ಅಗಲದ ವೃತ್ತ ಕತ್ತರಿಸಿ, ಅದರ ಮೇಲೆ ಒಂದೂವರೆ ಮಿಲಿಮೀಟರಿನ ಸಣ್ಣ ಸಾಸಿವೆ ಕಾಳು ಇಟ್ಟು ನೋಡಿ. ಅನುಪಾತ ಅದೇ. ಇದನ್ನು ಮಕ್ಕಳಿಗೆ ಹಿಂದಿನ ದಿನವೇ ತೋರಿಸಿಬಿಡಿ. ಇಲ್ಲದಿದ್ದರೆ ದೊಡ್ಡ ಕಪ್ಪು ಚೆಂಡನ್ನು ನಿರೀಕ್ಷಿಸಿ ಬಂದವರು ಐಪೀಸಿನಲ್ಲಿ (ದೂರದರ್ಶಕಕ್ಕೆ ಕಣ್ಣಿಡುವ ಮಸೂರದಲ್ಲಿ) ಎದುರಿಗಿದ್ದ ಬುಧನನ್ನೇ ಕಾಣದೆ ಹೋಗುತ್ತಾರೆ. ಇದೇನು ಮಕ್ಕಳ ಪೆದ್ದುತನವಲ್ಲ. ಖಗೋಳಜ್ಞ ಕೆಪ್ಲರ್ ಮೊದಲೇ ಲೆಕ್ಕ ಹಾಕಿ ಹೇಳಿದ್ದ 1631ರ ನವೆಂಬರ್ 7ರ ಸಂಕ್ರಮಣವನ್ನು ಪ್ಯಾರಿಸ್‌ನಲ್ಲಿ ನೋಡಿದ ಖಗೋಳಜ್ಞ ಗಸೆಂಡಿಯೂ ಆ ಚುಕ್ಕೆ ಇಷ್ಟು ಚಿಕ್ಕದಿರಲಾರದು ಎಂದುಕೊಂಡು ಮೊದಲು ಅದನ್ನು ಸೌರಕಲೆ (ಸೂರ್ಯನ ಮೇಲಿನ ಕಪ್ಪು ಮಚ್ಚೆ) ಅಂತಲೇ ಬಗೆದಿದ್ದ.

ಸೂಜಿರಂಧ್ರದ ಪೆಟ್ಟಿಗೆಯೂ ಇಲ್ಲಿ ಕೆಲಸಕ್ಕೆ ಬಾರದು. ಒಂದು ಮೀಟರ್ ದೂರದ ಪರದೆಯ ಮೇಲೆ ಸೂರ್ಯ 9 ಮಿ.ಮೀ. ಚಿಲ್ಲರೆ ಬೀಳುತ್ತಾನೆ, ಬುಧನ ಪಾಲಿಗೆ 0.05 ಮಿ.ಮೀ. ಉಳಿಯುತ್ತದೆ. ರಂಧ್ರದ ಮಸುಕೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಗ್ರಹಣಕ್ಕೆ ಒಗ್ಗುವ ಉಪಾಯಗಳೆಲ್ಲ ಬುಧನ ಮುಂದೆ ನಡೆಯುವುದಿಲ್ಲ.

ದಿನ, ಹೊತ್ತು: 2032 ನವೆಂಬರ್ 13. ವಿಶ್ವಕಾಲಮಾನದಲ್ಲಿ (ಗ್ರೀನ್‌ವಿಚ್ ಹೊತ್ತಿನಲ್ಲಿ) 06:41ಕ್ಕೆ ಶುರು, 08:54ಕ್ಕೆ ನಡುಭಾಗ, 11:07ಕ್ಕೆ ಮುಕ್ತಾಯ. ನಿಮ್ಮ ಊರಿನ ಗಡಿಯಾರಕ್ಕೆ ಬದಲಾಯಿಸಿಕೊಳ್ಳಿ. ಸ್ಥಳದಿಂದ ಸ್ಥಳಕ್ಕೆ ಬರುವ ವ್ಯತ್ಯಾಸ ಒಂದು ನಿಮಿಷದ ಆಸುಪಾಸು, ಅಷ್ಟೇ. ಅಂದಹಾಗೆ, ಮಕರ ಸಂಕ್ರಮಣದ 'ಸಂಕ್ರಮಣ' ಬೇರೆ, ಇದು ಬೇರೆ. ಅಲ್ಲಿ ಸೂರ್ಯ ರಾಶಿಯಿಂದ ರಾಶಿಗೆ ದಾಟುತ್ತಾನೆ, ಇಲ್ಲಿ ಗ್ರಹ ಸೂರ್ಯನ ಮುಖವನ್ನು ದಾಟುತ್ತದೆ. ಮಕ್ಕಳು ಕೇಳಿಯೇ ಕೇಳುತ್ತಾರೆ.

ಈಗ ನಿಮ್ಮ ದೂರದರ್ಶಕದ ವಿಷಯ. ಎರಡು ದಾರಿ ಇವೆ. ಗುಂಪು ದೊಡ್ಡದಿದ್ದರೆ ಬಿಂಬವನ್ನು ಪರದೆಯ ಮೇಲೆ ಬೀಳಿಸುವುದೇ ನನ್ನ ಮೊದಲ ಆಯ್ಕೆ. ಯಾರೂ ಐಪೀಸಿಗೆ ಕಣ್ಣಿಡಬೇಕಿಲ್ಲ, ಹತ್ತು ಜನ ಒಟ್ಟಿಗೆ ನೋಡಬಹುದು, "ಅದೋ ಅಲ್ಲಿ" ಅಂತ ಕಡ್ಡಿಯಿಂದ ತೋರಿಸಬಹುದು. 900 ಮಿ.ಮೀ. ಸಂಗಮದೂರ ನಾಭಿಯಲ್ಲಿ (ಮಸೂರ ಬೆಳಕನ್ನು ಒಟ್ಟುಗೂಡಿಸುವ ಜಾಗದಲ್ಲಿ) ಸುಮಾರು 8.4 ಮಿ.ಮೀ. ಸೂರ್ಯನನ್ನು ಮೂಡಿಸುತ್ತದೆ. 20 ಮಿ.ಮೀ. ಐಪೀಸ್ ಹಾಕಿ, ಅದರಿಂದ 50 ಸೆಂ.ಮೀ. ಹಿಂದೆ ಬಿಳಿ ಹಾಳೆ ಇಟ್ಟರೆ ಅದು 24 ಪಟ್ಟು ಹಿಗ್ಗಿ 20 ಸೆಂ.ಮೀ. ಅಗಲದ ಸೂರ್ಯನಾಗುತ್ತದೆ. ಬುಧ ಆಗ ಒಂದು ಮಿಲಿಮೀಟರ್. ಇದಕ್ಕಿಂತ ಚಿಕ್ಕ ಬಿಂಬ ಮಾಡಿದರೆ ಚುಕ್ಕೆ ಹಾಳೆಯ ನಾರಿನಲ್ಲಿ ಕಳೆದುಹೋಗುತ್ತದೆ. ಹಾಳೆಯನ್ನು ಇನ್ನೂ ಹಿಂದಕ್ಕೆ ಒಯ್ದರೆ ಬಿಂಬ ದೊಡ್ಡದಾಗುತ್ತದೆ ನಿಜ, ಆದರೆ ಬೆಳಕು ತೆಳುವಾಗಿ ಚುಕ್ಕೆಯ ಕಪ್ಪು ಬಣ್ಣ ಬೂದು ಬಣ್ಣವಾಗುತ್ತದೆ. ಹೇಗೂ ಹಾಳೆಯ ಮೇಲೆ ನೇರ ಬಿಸಿಲು ಬೀಳಬಾರದು. 40 ಸೆಂ.ಮೀ. ಚೌಕದ ರಟ್ಟಿನ ನಡುವೆ ಕೊಳವೆಯ ಅಳತೆಯ ತೂತು ಕೊರೆದು ದೂರದರ್ಶಕದ ಕತ್ತಿಗೆ ತೊಡಿಸಿ. ಅದರ ನೆರಳಿನಲ್ಲಿ ಹಾಳೆ ಇರಲಿ. ಈ ಒಂದು ರಟ್ಟು ಇಲ್ಲದೆ ಕೆಟ್ಟ ಪ್ರಯತ್ನಗಳೇ ಹೆಚ್ಚು.

ಇಲ್ಲಿ ಕೆಡುವುದು ಐಪೀಸ್. ಮಸೂರಗಳನ್ನು ಅಂಟಿನಿಂದ ಕೂಡಿಸಿದ ಪ್ಲಾಸಲ್ ಮಾದರಿಯವು ಸೂರ್ಯನ ಶಾಖಕ್ಕೆ ಒಳಗೇ ಹಾಳಾಗುತ್ತವೆ, ಪ್ಲಾಸ್ಟಿಕ್ ಮೈಯವು ಕರಗುತ್ತವೆ. ಅಂಟಿಲ್ಲದ ಹೈಗನ್ಸ್ ಅಥವಾ ರ‍್ಯಾಮ್ಸ್‌ಡನ್ ಮಾದರಿ ಒಳ್ಳೆಯದು. ಅಗ್ಗದ ಹಳೆಯ ಐಪೀಸಿಗೆ ಬೆಲೆ ಬರುವುದು ಇಂಥ ದಿನವೇ. ಮುಂದಿನ ಮಸೂರಕ್ಕೆ 50 ಮಿ.ಮೀ. ತೂತಿನ ರಟ್ಟು ಮುಚ್ಚಿ ಶಾಖ ಅರ್ಧಕ್ಕಿಳಿಸಿ. ಬಿಂಬ ಸಾಕಷ್ಟು ಬೆಳಗಿಯೇ ಇರುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೊಳವೆಯನ್ನು ಪಕ್ಕಕ್ಕೆ ತಿರುಗಿಸಿ ತಣಿಯಲು ಬಿಡಿ. ಸೂರ್ಯ ತುಸು ಜರುಗಿ ಬಿಂಬ ಕೊಳವೆಯೊಳಗಿನ ಪ್ಲಾಸ್ಟಿಕ್ ಭಾಗದ ಮೇಲೆ ನಿಂತರೆ ಅಲ್ಲೇ ಸುಟ್ಟ ವಾಸನೆ ಬರುತ್ತದೆ. ಷ್ಮಿಟ್ ಕ್ಯಾಸೆಗ್ರೇನ್, ಮಕ್ಸುಟೋವ್‌ಗಳಲ್ಲಿ (ಕನ್ನಡಿ, ಮಸೂರ ಎರಡೂ ಇರುವ ಮುಚ್ಚಿದ ಕೊಳವೆಯ ದೂರದರ್ಶಕಗಳಲ್ಲಿ) ಈ ವಿಧಾನ ಬೇಡವೇ ಬೇಡ, ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಪಕ್ಕದ ಫೈಂಡರ್ ದುರ್ಬೀನಿಗೆ ಮುಚ್ಚಳ ಹಾಕಿ ಟೇಪ್ ಸುತ್ತಿ, ಇಲ್ಲವೇ ಕಳಚಿಡಿ. ಯಾವುದಾದರೂ ಮಗು ಅದರಲ್ಲಿ ಇಣುಕಲಿಕ್ಕೆ ಎರಡು ಸೆಕೆಂಡ್ ಸಾಕು. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ, ಸುಟ್ಟದ್ದು ಆಗ ಗೊತ್ತೇ ಆಗುವುದಿಲ್ಲ.

ಫೈಂಡರ್ ಇಲ್ಲದೆ ಗುರಿ ಹಿಡಿಯುವುದು ಹೇಗೆಂದರೆ, ನೆಲದ ಮೇಲೆ ಬಿದ್ದ ಕೊಳವೆಯ ನೆರಳನ್ನು ನೋಡಿ. ನೆರಳು ಕುಗ್ಗಿ ಕುಗ್ಗಿ ದುಂಡಗೆ, ಅತಿ ಚಿಕ್ಕದಾದಾಗ ಸೂರ್ಯ ಒಳಗೆ ಸಿಕ್ಕಿದ್ದಾನೆ.

ಎರಡನೇ ದಾರಿ, ಕೊಳವೆಯ ಮುಂಭಾಗಕ್ಕೆ ಫಿಲ್ಟರ್ ಹಾಕಿ ನೇರವಾಗಿ ನೋಡುವುದು. ಬಿಂಬದ ಸ್ಪಷ್ಟತೆಗೆ ಇದರ ಮುಂದೆ ಪರದೆ ಸೋಲುತ್ತದೆ. ಡೆನ್ಸಿಟಿ 5.0 ಎಂದು ಬರೆದ ಸೋಲಾರ್ ಫಿಲ್ಮ್ ತನ್ನಿ. ಅದು ಬೆಳಕಿನ ಲಕ್ಷದಲ್ಲೊಂದು ಪಾಲನ್ನು ಮಾತ್ರ ಬಿಡುತ್ತದೆ. 3.8 ಎಂದು ಬರೆದದ್ದು ಫೋಟೋಗೆ ಮಾತ್ರ, ಕಣ್ಣಿಗಲ್ಲ. ಎರಡೂ ನೋಡಲು ಒಂದೇ ತರಹ ಇರುತ್ತವೆ, ಆದ್ದರಿಂದ ಚೌಕಟ್ಟಿನ ಮೇಲೆ ಪೆನ್ನಿನಲ್ಲಿ ಸಂಖ್ಯೆ ಬರೆದಿಡಿ. ರಟ್ಟಿನ ಎರಡು ಬಳೆ ಕತ್ತರಿಸಿ, ಫಿಲ್ಮನ್ನು ನಡುವೆ ಇಟ್ಟು ಡಬಲ್ ಸೈಡ್ ಟೇಪಿನಿಂದ ಕೂಡಿಸಿ, ಕೊಳವೆಯ ಬಾಯಿಗೆ ಬಿಗಿಯಾಗಿ ಕೂರುವ ಪಟ್ಟಿ ಅಂಟಿಸಿ. ಫಿಲ್ಮನ್ನು ತಮಟೆಯಂತೆ ಬಿಗಿದರೆ ಬಿಂಬ ಕೆಡುತ್ತದೆ. ಸ್ವಲ್ಪ ಸಡಿಲವಾಗಿ, ಸುಕ್ಕು ಸುಕ್ಕಾಗಿದ್ದರೇ ಒಳ್ಳೆಯದು. ಪ್ರತಿಸಲ ಹಾಕುವ ಮುನ್ನ ಪ್ರಖರ ಬಲ್ಬಿನೆದುರು ಹಿಡಿದು ತೂತು, ಗೀರು ಇವೆಯೇ ನೋಡಿ. ಹಾಕಿದ ಮೇಲೆ ಮೂರು ಕಡೆ ಟೇಪ್ ಹಚ್ಚಿ, ಗಾಳಿಗೆ ಹಾರಬಾರದು.

ಐಪೀಸಿಗೆ ತಿರುಪುವ 'ಸನ್' ಎಂಬ ಕಪ್ಪು ಗಾಜು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಒಡೆದು ಎಸೆಯಿರಿ. ನಾಭಿಯ ಶಾಖಕ್ಕೆ ಅದು ನೋಡುತ್ತಿರುವಾಗಲೇ ಸೀಳುತ್ತದೆ. ಗ್ರಹಣದ ಕನ್ನಡಕ ಹಾಕಿಕೊಂಡು ಐಪೀಸಿಗೆ ಅಥವಾ ಬೈನಾಕ್ಯುಲರಿಗೆ ಕಣ್ಣಿಡುವುದೂ ಅಷ್ಟೇ ಅಪಾಯ: ಮಸೂರ ಒಟ್ಟುಗೂಡಿಸಿದ ಕಿರಣ ಕನ್ನಡಕವನ್ನು ಸುಟ್ಟು ಕಣ್ಣಿಗೆ ಹೋಗುತ್ತದೆ. ಇನ್ನೊಂದು ಗೊಂದಲ: ಚಿಕ್ಕ ದೂರದರ್ಶಕಗಳ ಮುಚ್ಚಳದಲ್ಲಿ ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಬರುವ ತೂತು ಬೆಳಕು ತಗ್ಗಿಸಲಿಕ್ಕೆ, ಸೂರ್ಯನನ್ನು ನೋಡುವ ಫಿಲ್ಟರ್ ಅಲ್ಲ.

ವರ್ಧನೆ 45 ಇದ್ದರೆ ಬುಧ ಸ್ಪಷ್ಟ ಚುಕ್ಕೆ. ಅಂಚಿಗೆ ತಾಗುವ ಹೊತ್ತಿಗೆ 80–90ಕ್ಕೆ ಏರಿಸಿ, ಅಂದರೆ ನಿಮ್ಮದರಲ್ಲಿ 10 ಮಿ.ಮೀ. ಐಪೀಸ್. ಅದರಾಚೆಗೆ ಹೋದರೆ ಹಗಲಿನ ಕಾದ ಗಾಳಿ ಬಿಂಬದ ಅಂಚನ್ನು ನೀರಿನಂತೆ ಕುದಿಸುತ್ತದೆ. ಕಾಂಕ್ರೀಟು, ತಗಡಿನ ಮಾಡು, ನಿಲ್ಲಿಸಿದ ಕಾರು ಇವುಗಳ ಮೇಲಿಂದ ನೋಡಬೇಡಿ. ಹುಲ್ಲಿನ ಮೇಲೆ ನಿಲ್ಲಿಸಿದರೆ ಬಿಂಬ ಎದ್ದುಕಾಣುವಷ್ಟು ಶಾಂತವಾಗಿರುತ್ತದೆ.

ನೋಡಬೇಕಾದ್ದು ಮುಖ್ಯವಾಗಿ ನಾಲ್ಕು ಕ್ಷಣ: ಬುಧ ಹೊರಗಿನಿಂದ ಅಂಚಿಗೆ ತಾಗುವುದು, ಪೂರ್ತಿ ಒಳಗೆ ಬರುವುದು, ಒಳಗಿನಿಂದ ಎದುರಂಚಿಗೆ ತಾಗುವುದು, ಪೂರ್ತಿ ಹೊರಗೆ ಹೋಗುವುದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎರಡೇ ನಿಮಿಷ (ಶುಕ್ರನಿಗೆ 2012ರಲ್ಲಿ ಹದಿನೆಂಟು ನಿಮಿಷ ಹಿಡಿದಿತ್ತು). ಆದ್ದರಿಂದ ಎಲ್ಲಿ ನೋಡಬೇಕೆಂದು ಮೊದಲೇ ಗೊತ್ತಿರಬೇಕು. ಬುಧ ಪೂರ್ವದ ಅಂಚಿನಿಂದ ಬರುತ್ತದೆ. ಪೂರ್ವ ಯಾವುದೆಂದು ತಿಳಿಯಲು ದೂರದರ್ಶಕವನ್ನು ಅಲುಗಿಸದೆ ಬಿಡಿ. ಸೂರ್ಯ ತಾನೇ ಜರುಗುತ್ತಾ ಹೋಗುತ್ತಾನೆ, ಎರಡು ನಿಮಿಷ ಚಿಲ್ಲರೆಯಲ್ಲಿ ತನ್ನ ಅಗಲದಷ್ಟು. ಕೊನೆಗೆ ಮರೆಯಾಗುವ ಅಂಚೇ ಪೂರ್ವ. ಕನ್ನಡಿ, ಡಯಾಗನಲ್ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಭಾಗ) ಎಲ್ಲ ಸೇರಿ ಬಿಂಬ ಎಷ್ಟೇ ತಿರುಗುಮುರುಗಾದರೂ ಈ ಪರೀಕ್ಷೆ ತಪ್ಪುವುದಿಲ್ಲ. ಹೈಡ್ರೋಜನ್ ಆಲ್ಫಾ ದೂರದರ್ಶಕ (ಹೈಡ್ರೋಜನ್ನಿನ ಕೆಂಪು ಬೆಳಕನ್ನಷ್ಟೇ ಬಿಡುವಂಥದ್ದು) ಇರುವವರಿಗೆ ಮಾತ್ರ ಒಂದು ಲಾಭ: ಅಂಚಿನಾಚೆಯ ವರ್ಣಗೋಳದ (ಸೂರ್ಯನ ತೆಳು ಹೊರಪದರದ) ಮೇಲೆ ಬುಧ ಮೊದಲೇ ಕಾಣಿಸಿಕೊಳ್ಳಬಹುದು.

ಒಳಗೆ ಬಂದ ಗ್ರಹ ಅಂಚಿನಿಂದ ಬಿಡಿಸಿಕೊಳ್ಳುವಾಗ ಕಪ್ಪು ಹನಿಯೊಂದು ಜೋತಾಡುವಂತೆ ಕಾಣಬಹುದು. ಇದು ಶುಕ್ರನ ವಾತಾವರಣದ ಕೆಲಸ ಎಂದು ಇನ್ನೂ ಬರೆಯುವವರಿದ್ದಾರೆ. ಅಲ್ಲ. 1999ರ ಬುಧ ಸಂಕ್ರಮಣದಲ್ಲಿ ಟ್ರೇಸ್ ಉಪಗ್ರಹ ಬಾಹ್ಯಾಕಾಶದಿಂದ ತೆಗೆದ ಚಿತ್ರಗಳಲ್ಲೂ ಆ ಹನಿ ಇತ್ತು, ಬುಧನಿಗಾದರೋ ಹೇಳಿಕೊಳ್ಳುವಂಥ ವಾತಾವರಣವೇ ಇಲ್ಲ. ಉಪಕರಣದ ಮಸುಕು, ಅಂಚಿನತ್ತ ಸೂರ್ಯಬಿಂಬ ಮಂಕಾಗುವುದು, ನೆಲದಿಂದ ನೋಡಿದರೆ ನಮ್ಮ ಗಾಳಿಯ ಅಲುಗಾಟ ಇವೆಲ್ಲ ಕೂಡಿ ಆಗುವಂಥದ್ದು. ಫೋಕಸ್ ತಪ್ಪಿದ್ದರೆ ಹನಿ ಉದ್ದವಾಗುತ್ತದೆ. ಸಮಯ ಬರೆದುಕೊಳ್ಳುವವರು ಗ್ರಹಕ್ಕೂ ಅಂಚಿಗೂ ನಡುವೆ ಬೆಳಕಿನ ಎಳೆ ಮೊದಲು ಮೂಡಿದ ಕ್ಷಣವನ್ನು ಹಿಡಿಯಲಿ, ಪಕ್ಕದಲ್ಲಿ "ಹೆಚ್ಚುಕಡಿಮೆ ಇಷ್ಟು ಸೆಕೆಂಡ್" ಎಂದೂ ಬರೆಯಲಿ.

ನೋಡುತ್ತಿರುವುದು ಬುಧನೋ ಸೌರಕಲೆಯೋ ಎಂಬ ಅನುಮಾನ ಬಂದರೆ: ಬುಧ ಅಚ್ಚುಕಪ್ಪು, ದುಂಡಗೆ, ಸುತ್ತ ಬೂದು ಅಂಚಿಲ್ಲ. ಹತ್ತು ನಿಮಿಷದಲ್ಲಿ ತನ್ನ ಅಗಲದ ಆರು ಪಟ್ಟು ಜರುಗಿರುತ್ತದೆ. ಸೌರಕಲೆ ಅಷ್ಟರಲ್ಲಿ ಕದಲುವುದಿಲ್ಲ. ಐಪೀಸನ್ನು ತಿರುವಿದಾಗ ಜೊತೆಗೆ ತಿರುಗಿದರೆ ಅದು ಎರಡೂ ಅಲ್ಲ, ಧೂಳು.

ಮಕ್ಕಳಿಗೆ ಕೆಲಸ ಕೊಡಿ, ಬರೀ ಇಣುಕಿ ಹೋಗುವುದರಲ್ಲಿ ರುಚಿಯಿಲ್ಲ. ಹಾಳೆಯಲ್ಲಿ 20 ಸೆಂ.ಮೀ. ವೃತ್ತ ಬರೆದು ಬಿಂಬವನ್ನು ಅದಕ್ಕೆ ಕೂರಿಸಿ, ಹದಿನೈದು ನಿಮಿಷಕ್ಕೊಬ್ಬರು ಚುಕ್ಕೆ ಇಟ್ಟು ಹೊತ್ತು ಬರೆಯಲಿ. ನಾಲ್ಕು ಗಂಟೆ 26 ನಿಮಿಷಕ್ಕೆ ಹದಿನೇಳೆಂಟು ಚುಕ್ಕೆಗಳು ಬರುತ್ತವೆ. ಅವು ನೇರ ಗೆರೆಯಲ್ಲಿ ಬರಬೇಕು, ಆದರೆ ಮೊದಲ ಸಲ ಮಾಡುವವರಿಗೆ ಬಾಗಿಯೇ ಬರುತ್ತವೆ. ಮೇಲೆ-ಕೆಳಗೆ, ಎಡ-ಬಲ ಅಷ್ಟೇ ತಿರುಗುವ ಸ್ಟ್ಯಾಂಡಿನಲ್ಲಿ ಸೂರ್ಯಬಿಂಬ ಗಂಟೆಗಂಟೆಗೂ ಹಾಳೆಯ ಮೇಲೆ ಹೊರಳುವುದೇ ಕಾರಣ. ವೃತ್ತದ ನಡುವೆ ಒಂದು ಗೆರೆ ಎಳೆದು, ಪ್ರತಿ ಚುಕ್ಕೆಗೂ ಮುನ್ನ ಬಿಂಬವನ್ನು ಜರುಗಲು ಬಿಟ್ಟು, ಅದರ ಅಂಚು ಗೆರೆಗೆ ಸಮಾನಾಂತರವಾಗಿ ಸಾಗುವಂತೆ ಹಾಳೆಯನ್ನು ತಿರುಗಿಸಿಕೊಂಡರೆ ದಾರಿ ನೆಟ್ಟಗಾಗುತ್ತದೆ.

ದೂರದ ಊರಿನ ಗೆಳೆಯರೂ ಅದೇ ನಿಮಿಷಕ್ಕೆ ಫೋಟೋ ತೆಗೆದರೆ ಎರಡನ್ನೂ ಹೋಲಿಸಬಹುದು. ಭೂಮಿಯ ಎರಡು ತುದಿಗಳಿಂದ ನೋಡಿದರೂ ಬುಧನ ಜಾಗದ ವ್ಯತ್ಯಾಸ ಅದರ ಅಗಲಕ್ಕಿಂತ ಕಡಿಮೆ. 400 ಮಿ.ಮೀ. ಲೆನ್ಸಿನ ಚಿತ್ರದಲ್ಲಿ ಬುಧನೇ ಐದು ಪಿಕ್ಸೆಲ್ ಅಗಲ, ಹಾಗಾಗಿ ಹೆಚ್ಚು ಆಸೆ ಬೇಡ. ಖಗೋಳಜ್ಞ ಹ್ಯಾಲಿ ಸೂರ್ಯನ ದೂರ ಅಳೆಯಲು ಶುಕ್ರನ ಸಂಕ್ರಮಣವನ್ನು ಕಾಯಿರಿ ಎಂದು 1716ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಶುಕ್ರ ನಮಗೆ ಹತ್ತಿರ, ಪಲ್ಲಟ (ನೋಡುವ ಜಾಗ ಬದಲಾದರೆ ಗ್ರಹ ಸರಿದಂತೆ ಕಾಣುವುದು) ದೊಡ್ಡದು. ಫೋನಿನಲ್ಲಿ ತೆಗೆಯುವುದಾದರೆ ಐಪೀಸಿಗೆ ಹಿಡಿಕೆ ಕಟ್ಟಿ, ಬಿಂಬದ ಮೇಲೆ ಬೆರಳಿಟ್ಟು ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿ. ಮಾಡದಿದ್ದರೆ ಸೂರ್ಯ ಬಿಳಿಚಿಕೊಂಡು ಚುಕ್ಕೆ ನುಂಗಿಹೋಗುತ್ತದೆ.

ಮುಂಚಿತವಾಗಿ ಹೇಳಿಕೊಡುವ ವಿಷಯಕ್ಕೆ ಒಳ್ಳೆಯ ಮಾದರಿಯಿದೆ. 1874ರ ಶುಕ್ರ ಸಂಕ್ರಮಣಕ್ಕೆ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಜನಸಾಮಾನ್ಯರಿಗಾಗಿ ಸಂವಾದದ ರೂಪದಲ್ಲಿ ಕಿರುಹೊತ್ತಿಗೆ ಬರೆದಿದ್ದರು. ನೀವೂ ಒಂದು ಹಾಳೆಯ ಪ್ರಶ್ನೋತ್ತರ ಬರೆದು ಹಂಚಿ. ಅದಕ್ಕಿಂತ ಮುಖ್ಯ, ಹಿಂದಿನ ವಾರ ಯಾವುದಾದರೂ ಬಿಸಿಲಿನ ದಿನ ಇಡೀ ಏರ್ಪಾಟನ್ನು ಒಮ್ಮೆ ನಡೆಸಿ ನೋಡಿ. ಫೋಕಸ್ ಎಲ್ಲಿ ಕೂರುತ್ತದೆಂದು ಕೊಳವೆಯ ಮೇಲೆ ಗುರುತು ಹಾಕಿ.

ಮೋಡ ಬಂದರೆ? ಫ್ರಾನ್ಸಿನ ಖಗೋಳಜ್ಞ ಲ ಜಾಂತಿ 1761ರ ಶುಕ್ರ ಸಂಕ್ರಮಣದ ದಿನ ಹಡಗಿನಲ್ಲಿ ಸಿಕ್ಕಿಕೊಂಡು ಅಳತೆ ತಪ್ಪಿಸಿಕೊಂಡ, ಎಂಟು ವರ್ಷ ಈ ಕಡೆಯೇ ಕಾದ, 1769ರಲ್ಲಿ ಪುದುಚೇರಿಯಲ್ಲಿ ಸರಿಯಾದ ಹೊತ್ತಿಗೆ ಮೋಡ ಮುಚ್ಚಿತು. ನಿಮ್ಮ ಪಾಡು ಅಷ್ಟು ಕೆಟ್ಟದ್ದಲ್ಲ. ನಾಲ್ಕು ಗಂಟೆಗೂ ಮಿಕ್ಕಿ ಸಮಯವಿದೆ, ಮೋಡದ ಬಿರುಕಿನಲ್ಲಿ ಒಂದು ನಿಮಿಷ ಸಿಕ್ಕರೂ ಚುಕ್ಕೆ ಕಾಣುತ್ತದೆ. ತಪ್ಪಿದರೆ 2039ರ ನವೆಂಬರ್ 7 ಇದೆ, ಅದು ಬಿಂಬದ ಅಂಚಿನ ಬಳಿ ಹಾಯುವುದರಿಂದ ಮೂರು ಗಂಟೆಯಷ್ಟೇ. ಶುಕ್ರನಿಗೆ ಮಾತ್ರ 2117ರ ಡಿಸೆಂಬರ್‌ವರೆಗೆ ಕಾಯಬೇಕು.

ಎಲ್ಲ ಮುಗಿದ ಮೇಲೆ ಕೊಳವೆಯನ್ನು ಮೊದಲು ಸೂರ್ಯನಿಂದ ಆಚೆ ತಿರುಗಿಸಿ, ಆಮೇಲೆ ಫಿಲ್ಟರ್ ಬಿಚ್ಚಿ, ತಕ್ಷಣ ಮುಚ್ಚಳ ಹಾಕಿ. ಈ ಕ್ರಮ ಹಿಂದುಮುಂದಾಗುವುದು ಸಾಮಾನ್ಯವಾಗಿ ದಣಿದು ಸಾಮಾನು ಕಟ್ಟುವ ಹೊತ್ತಿನಲ್ಲೇ. ಇದೊಂದನ್ನು ಮಕ್ಕಳಿಗೆ ಬಿಡದೆ ನೀವೇ ಮಾಡಿ.