ಅಕ್ಷರದ ಕಲ್ಲಿಗೆ ಪೇಂಟ್ ಹೊಡೆಯಬಹುದಾ?

ಪ್ರಶ್ನೆ: ಸರ್, ನಮ್ಮದು ಬಾರಕೂರು. ಮನೆತನದ ಗುಡಿಯ ಜೀರ್ಣೋದ್ಧಾರ ನಡೀತಿದೆ. ಅಂಗಳದಲ್ಲಿ ಹಳೆಗನ್ನಡ ಅಕ್ಷರದ ಕಲ್ಲೊಂದಿದೆ, ಮೇಲೆ ಲಿಂಗ, ಸೂರ್ಯ, ಚಂದ್ರ. ಅದನ್ನು ಪಾಲಿಶ್ ಮಾಡಿ, ಅಕ್ಷರಕ್ಕೆ ಬಿಳಿ ಪೇಂಟ್ ತುಂಬಿ, ಹೊಸ ಕಾಂಪೌಂಡಿಗೆ ಸೇರಿಸೋಣ ಅಂತ ಸಮಿತಿಯವರು ಹೇಳುತ್ತಾರೆ. ಸರಿಯಾ?

ಉತ್ತರ: ದಯವಿಟ್ಟು ಬೇಡ. ಮೂರೂ ಬೇಡ.

ನಮ್ಮ ಕಡೆಯ ಒಂದು ಗುಡಿಯಲ್ಲಿ ನಾನು ಒಂದು ಬೇಸಿಗೆಯಿಡೀ ಕೂತು 31 ಸಾಲು ಓದಿದ್ದೆ. ಮರುವರ್ಷ ಹೋದರೆ ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗ್ರೈಂಡರ್ ಹಾಕಿದ್ದರು. ಉಳಿದದ್ದು ಆರು ಸಾಲು. ಮಾಡಿದವರು ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿದ್ದು. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ ನನಗೆ.

ಪೇಂಟಿನ ತೊಂದರೆ ಬೇರೆ. ಬಳಿಯುವವರು ತಮಗೆ ಕಂಡ ಹಾಗೆ ಗೆರೆ ಎಳೆಯುತ್ತಾರೆ. ಹಳೆಯ ಲಿಪಿಯಲ್ಲಿ ಪ, ವ ಒಂದರ ಹಾಗೆ ಒಂದು ಕಾಣುತ್ತವೆ. ಒಂದು ಗೆರೆ ತಪ್ಪಿದರೆ ದಾನ ಕೊಟ್ಟವರ ಹೆಸರೇ ಬದಲು. ಜೊತೆಗೆ ನಮ್ಮ ಮಳೆ, ಉಪ್ಪುಗಾಳಿ. ಪೇಂಟಿನ ಅಡಿಯಲ್ಲಿ ಪಸೆ ನಿಂತು, ಅದು ಎದ್ದು ಬರುವಾಗ ಕಲ್ಲಿನ ಸಿಪ್ಪೆಯೂ ಬರುತ್ತದೆ.

ಓದಬೇಕು ಅಂತಲೇ ತಾನೆ ಪೇಂಟ್? ಹಾಗಾದರೆ ರಾತ್ರಿ ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಎದುರಿನಿಂದ ಬಿಡಬೇಡಿ, ಕಲ್ಲಿನ ಪಕ್ಕದಿಂದ, ಮೈಗೆ ಒರಗಿಸಿದ ಹಾಗೆ ಹಿಡಿಯಿರಿ. ಹಗಲು ಬೋಳಾಗಿ ಕಂಡ ಜಾಗದಲ್ಲಿ ಅಕ್ಷರ ನೆರಳು ಬಿಟ್ಟು ಎದ್ದು ಬರುತ್ತದೆ. ಹಾಗೇ ಎಡದಿಂದ, ಬಲದಿಂದ ಫೋಟೋ ತೆಗೆಯಿರಿ. 'ಶಕವರುಷ' ಅನ್ನುವ ಪದ ಸಿಕ್ಕರೆ ಅದರ ಪಕ್ಕದ ಅಂಕಿಗೆ 78 ಕೂಡಿಸಿ, ಹೆಚ್ಚುಕಮ್ಮಿ ಈಗಿನ ಲೆಕ್ಕದ ಇಸವಿ ಬರುತ್ತದೆ. ಪಾಚಿ ಜಾಸ್ತಿ ಇದ್ದರೆ ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಆಸಿಡ್, ತಂತಿ ಬ್ರಷ್ ಹತ್ತಿರವೂ ತರಬೇಡಿ.

ಆಮೇಲೆ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ ಫೋಟೋ ಸಮೇತ ಬರೆಯಿರಿ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ತಟ್ಟಿ ಅಚ್ಚು ತೆಗೆಯುತ್ತಾರೆ. ಕಲ್ಲಿನಲ್ಲಿ ಕೊರೆದದ್ದು ಕಪ್ಪು ಕಾಗದದಲ್ಲಿ ಬೆಳ್ಳಗೆ ಮೂಡುತ್ತದೆ. ಆ ಕ್ಷಣಕ್ಕೆ ಮಕ್ಕಳು ಪಕ್ಕದಲ್ಲಿದ್ದರೆ ಎಷ್ಟು ಚೆಂದ ಅಲ್ವಾ?

ಇನ್ನು ಕಾಂಪೌಂಡ್. ಕಲ್ಲು ಇದ್ದಲ್ಲೇ ಇರಲಿ, ಗೋಡೆಯನ್ನು ನಾಲ್ಕು ಅಡಿ ಆಚೆ ತಿರುಗಿಸಿ. ಆಳುಪರು ಆಳಿದ ಊರು ನಿಮ್ಮದು, ವಿಜಯನಗರದ ಕಾಲಕ್ಕೆ ಒಂದು ರಾಜ್ಯಕ್ಕೇ ಬಾರಕೂರಿನ ಹೆಸರಿತ್ತು. ಶಾಸನಗಳು ಎಷ್ಟೋ ಸಲ ಗದ್ದೆಯ ಗಡಿ ಹೇಳುತ್ತವೆ. ಕಲ್ಲು ಸರಿದರೆ ಯಾವ ಗದ್ದೆ, ಯಾವ ಕೇರಿ ಅನ್ನುವುದೇ ತಿಳಿಯದು. ಹತ್ತಿರದಲ್ಲಿ ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕ ಇದೆಯಾ ನೋಡಿಕೊಳ್ಳಿ. ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು.

ಇನ್ನೊಂದು ಮಾತು. ಕೊನೆಯ ಸಾಲುಗಳು ಎಷ್ಟೋ ಕಡೆ ಮಣ್ಣೊಳಗೆ ಹೂತಿರುತ್ತವೆ. ಆಸೆಗೆ ಬಿದ್ದು ನೀವೇ ಅಗೆಯಬೇಡಿ, ಬುಡ ಸಡಿಲವಾಗಿ ಕಲ್ಲು ಉರುಳೀತು. ಶಾಸನ ವಿಭಾಗದವರು ಬರುವವರೆಗೆ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿಡಿ. ಜಲ್ಲಿ ಲಾರಿ ಹಿಂದೆ ಬರುವಾಗ ಡ್ರೈವರಿಗೆ ಕಾಣಬೇಕು.